ವಾಟಿನ ಲೆಕ್ಕವೂ ಕಿವಿಯ ಲೆಕ್ಕವೂ

ಪಾವಗಡ ತಾಲ್ಲೂಕಿನ ಜನಕ್ಕೆ ವಾಟ್ ಎಂಬ ಪ್ರಮಾಣವನ್ನು ಇಂದು ಯಾರೂ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ತಿರುಮಣಿಯ ಸುತ್ತಣ ಐದು ಗ್ರಾಮಗಳಲ್ಲಿ, ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಸೀಮೆಯ ಸುಮಾರು 13,000 ಎಕರೆ ನೆಲವು ರೈತರಿಂದ ಗುತ್ತಿಗೆಗೆ ಪಡೆಯಲ್ಪಟ್ಟು, 2018ರಲ್ಲಿ ಉದ್ಘಾಟನೆಗೊಂಡು, 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವಾಗಿ ಪರಿಣಮಿಸಿದ ಮೇಲೆ, ಆ ಸೀಮೆಯ ಹೆಸರೇ ವಾಟುಗಳೊಡನೆ ಕೂಡಿಕೊಂಡಿದೆ. ಆದರೆ ಅದೇ ತಾಲ್ಲೂಕಿನ ಗೃಹಸ್ಥನೊಬ್ಬನು, ಸಂಜೆಯ ಹೊತ್ತು ನಡುಮನೆಯಲ್ಲಿ ಕುಳಿತು ವೀಣೆಯನ್ನೋ ಹಳೆಯ ಚಿತ್ರಗೀತೆಗಳನ್ನೋ ಸಾವಧಾನವಾಗಿ ಕೇಳಬೇಕೆಂಬ ಆಸೆಯಿಂದ ಒಂದು ಜೊತೆ ಒಳ್ಳೆಯ ಸ್ಪೀಕರುಗಳನ್ನು ಕೊಂಡು, ಇದಕ್ಕೆ ಎಷ್ಟು ವಾಟಿನ ಆಂಪ್ಲಿಫೈಯರು ಬೇಕೆಂದು ತುಮಕೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ವಿಚಾರಿಸಿದನಾದರೆ, ಒಬ್ಬ ವರ್ತಕನು ಮೂವತ್ತು ಸಾಕೆನ್ನುವನು, ಇನ್ನೊಬ್ಬನು ಇನ್ನೂರಕ್ಕೆ ಕಡಿಮೆಯಾಗಕೂಡದೆನ್ನುವನು. ಮತ್ತು ವಿಚಿತ್ರವೇನೆಂದರೆ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದು ಅಸಂಭವವಲ್ಲ. ವಾಟ್ ಎಂಬುದು ವಿದ್ಯುತ್ತಿನ ಅಳತೆಯೇ ಹೊರತು ಶಬ್ದದ ಅಳತೆಯಲ್ಲವೆಂಬ ಸಂಗತಿಯನ್ನು ಇಬ್ಬರೂ ಅವನಿಗೆ ಹೇಳದೆ ಬಿಟ್ಟಿದ್ದಾರೆ, ಅಷ್ಟೆ.

ವಿದ್ಯುತ್ತಿಗೂ ಶಬ್ದಕ್ಕೂ ನಡುವೆ ಇರುವ ಅಂತರವು ಸಾಮಾನ್ಯವಾದುದಲ್ಲ. ತಿರುಮಣಿಯ ಸೌರಫಲಕವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಆರರಲ್ಲೊಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಮನೆಯ ಕಪಾಟಿನ ಮೇಲೆ ಕುಳಿತಿರುವ ಅಂದವಾದ ಪುಟ್ಟ ಸ್ಪೀಕರಾದರೋ, ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಸುಮಾರು ಆರುನೂರರಲ್ಲೊಂದು ಪಾಲನ್ನು ಮಾತ್ರ ಧ್ವನಿಯನ್ನಾಗಿ ಮಾಡಿ, ಮಿಕ್ಕುದೆಲ್ಲವನ್ನೂ ತನ್ನ ಒಳಗಣ ತಾಮ್ರದ ಸುರುಳಿಯಲ್ಲಿ ಶಾಖವಾಗಿ ಕಳೆದುಬಿಡುತ್ತದೆ. ಈ ಅಲ್ಪವಾದ ಪಾಲಿನಲ್ಲಿಯೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹತ್ತಾರು ಪಟ್ಟು ವ್ಯತ್ಯಾಸವುಂಟು. ಆದುದರಿಂದ ಆಂಪ್ಲಿಫೈಯರು ಎಷ್ಟು ವಾಟುಗಳನ್ನು ಕೊಡಬಲ್ಲದು ಎಂದು ಕೇಳುವುದಕ್ಕೆ ಮುಂಚೆ, ಒಂದು ವಾಟಿಗೆ ಸ್ಪೀಕರು ಎಷ್ಟು ಧ್ವನಿಯನ್ನು ಕೊಡುತ್ತದೆ ಎಂದು ಕೇಳುವುದೇ ನ್ಯಾಯವಾದ ಕ್ರಮ.

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ನಡೆಯುವ ಕುರುಕ್ಷೇತ್ರದಂತಹ ಪೌರಾಣಿಕ ನಾಟಕಗಳನ್ನು ಬಲ್ಲವರಿಗೆ ಈ ತತ್ತ್ವವು, ಅದರ ಹೆಸರು ತಿಳಿಯದಿದ್ದರೂ, ಅನುಭವದಿಂದ ತಿಳಿದೇ ಇದೆ. ಮೈಕ್‌ಸೆಟ್ಟಿನವನು ಗಳುವಿಗೋ ಮರದ ಕೊಂಬೆಗೋ ಬಿಗಿಯುವ ಕಹಳೆಯಾಕಾರದ ಹಾರ್ನಿಗೆ ಮೂವತ್ತು ವಾಟುಗಳಷ್ಟು ಶಕ್ತಿಯನ್ನು ಊಡಿಸಿದರೆ ಸಾಕು, ಭೀಮಸೇನನ ಆರ್ಭಟವೂ ಹಾರ್ಮೋನಿಯಮ್ಮಿನ ಶ್ರುತಿಯೂ ಹೊಲಗಳನ್ನು ದಾಟಿ ಪಕ್ಕದ ಊರಿಗೆ ಮುಟ್ಟುತ್ತವೆ. ಅಂತಹ ಹಾರ್ನು ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ ಸುಮಾರು 108 ಡೆಸಿಬೆಲ್ ಶಬ್ದವನ್ನು ಹೊರಡಿಸಬಲ್ಲದು. ನಮ್ಮ ಗೃಹಸ್ಥನು ಕೊಂಡ ಪುಟ್ಟ ಪೆಟ್ಟಿಗೆಯು ಅದೇ ಒಂದು ವಾಟಿಗೆ ಅದೇ ದೂರದಲ್ಲಿ 84 ಡೆಸಿಬೆಲ್ ಮಾತ್ರ ಕೊಡುತ್ತದೆ. ಇಪ್ಪತ್ತನಾಲ್ಕು ಡೆಸಿಬೆಲ್‌ಗಳ ಈ ಅಂತರವನ್ನು ಶಕ್ತಿಯ ಭಾಷೆಗೆ ತಿರುಗಿಸಿದರೆ ಅದು ಇನ್ನೂರೈವತ್ತು ಪಟ್ಟಾಗುತ್ತದೆ. ಹಾರ್ನು ಒಂದು ವಾಟಿನಿಂದ ಮಾಡುವ ಶಬ್ದವನ್ನು ಮಾಡಲು ಈ ಪೆಟ್ಟಿಗೆಗೆ ಇನ್ನೂರೈವತ್ತು ವಾಟುಗಳು ಬೇಕು, ಮತ್ತು ಅಷ್ಟನ್ನು ಕೊಡಹೋದರೆ ಅದು ಸುಟ್ಟುಹೋದೀತು. ಸ್ಪೀಕರಿನ ಈ ಗುಣವನ್ನೇ ಅಂಗಡಿಯವರು ಸೆನ್ಸಿಟಿವಿಟಿ ಎನ್ನುವರು; ನಾವಿಲ್ಲಿ ಸಂವೇದಿತ್ವವೆಂದು ಕರೆಯೋಣ.

ಸಂವೇದಿತ್ವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವನು ಎರಡು ಸೂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ವಾಟುಗಳನ್ನು ಇಮ್ಮಡಿ ಮಾಡಿದರೆ ಮೂರು ಡೆಸಿಬೆಲ್ ಹೆಚ್ಚುತ್ತದೆ, ಹತ್ತು ಮಡಿ ಮಾಡಿದರೆ ಹತ್ತು ಡೆಸಿಬೆಲ್ ಹೆಚ್ಚುತ್ತದೆ. ಕಿವಿಯಾದರೋ ಇನ್ನೂ ಕೃಪಣವಾದುದು: ಶಬ್ದವು ಹಿಂದಿನದರ ಇಮ್ಮಡಿಯಾಯಿತೆಂದು ಅದಕ್ಕೆ ತೋರಬೇಕಾದರೆ ಸುಮಾರು ಹತ್ತು ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ, ವ್ಯಯವಾಗಬೇಕು. ನೂರು ವಾಟಿನ ಯಂತ್ರದ ಪಕ್ಕದಲ್ಲಿ ನೂರಿಪ್ಪತ್ತು ವಾಟಿನ ಯಂತ್ರವನ್ನು ಇಟ್ಟು, ಹೆಚ್ಚಿನ ಇಪ್ಪತ್ತಕ್ಕಾಗಿ ಸಾವಿರಾರು ರೂಪಾಯಿಗಳನ್ನು ಕೇಳುವ ವರ್ತಕನು ವಾಸ್ತವವಾಗಿ ಮಾರುತ್ತಿರುವುದು ಒಂದು ಡೆಸಿಬೆಲ್ಲಿಗೂ ಕಡಿಮೆಯಾದ, ಬಹುಮಂದಿಗೆ ವ್ಯತ್ಯಾಸವೇ ತಿಳಿಯದ ಲಾಭವನ್ನು. ಇದಕ್ಕೆ ಪ್ರತಿಯಾಗಿ, 84 ಡೆಸಿಬೆಲ್ಲಿನ ಸ್ಪೀಕರಿಗೆ ಬದಲಾಗಿ 90 ಡೆಸಿಬೆಲ್ಲಿನ ಸ್ಪೀಕರನ್ನು ಆರಿಸಿಕೊಂಡವನು, ಯಾವ ಆಂಪ್ಲಿಫೈಯರನ್ನೂ ಬದಲಿಸದೆ, ತನ್ನ ಶಕ್ತಿಯನ್ನು ನಾಲ್ಮಡಿ ಮಾಡಿಕೊಂಡಂತಾಯಿತು.

ಶಬ್ದವನ್ನು ದೂರಕ್ಕೆ ಮುಟ್ಟಿಸಲು ಬಲಪ್ರಯೋಗವೊಂದೇ ದಾರಿಯಲ್ಲವೆಂಬುದನ್ನು ನಮ್ಮ ಸಂಗೀತಗಾರರೂ ಬಲ್ಲವರಾಗಿದ್ದರು. ಮೈಕು ಇನ್ನೂ ಕಚೇರಿಗಳ ಒಡನಾಡಿಯಾಗಿರದ ಕಾಲದಲ್ಲಿ, ತುಂಬಿದ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದವು ಸಾಲದೆಂದು ಕಂಡ ಮೈಸೂರು ಟಿ. ಚೌಡಯ್ಯನವರು, ಕಮಾನನ್ನು ಇನ್ನಷ್ಟು ಒತ್ತಿ ಎಳೆಯುವ ಬದಲು, ನಾಲ್ಕು ತಂತಿಗಳ ವಾದ್ಯವನ್ನು ಏಳು ತಂತಿಗಳ ವಾದ್ಯವನ್ನಾಗಿ ಮಾಡಿಕೊಂಡರು. ಕೈಯ ಬಲವು ಅದೇ ಆಗಿದ್ದು ನಾದವು ಹೆಚ್ಚಿತು. ಶಕ್ತಿಯು ಅಲ್ಪವಾಗಿದ್ದಾಗ ಮನುಷ್ಯನು ಉಪಕರಣವನ್ನು ತಿದ್ದುತ್ತಾನೆ, ಶಕ್ತಿಯು ಅಗ್ಗವಾದಾಗ ಉಪಕರಣದ ವಿಷಯದಲ್ಲಿ ಉದಾಸೀನನಾಗುತ್ತಾನೆ: ಸ್ಪೀಕರುಗಳ ಇತಿಹಾಸವೂ ಬಹುಮಟ್ಟಿಗೆ ಇದೇ.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು, ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿಯನ್ನಿಟ್ಟು ಅದಕ್ಕೆ ಕಾಗದದ ಶಂಕುವನ್ನು ಅಂಟಿಸಿ, ಇಂದಿಗೂ ಬಳಕೆಯಲ್ಲಿರುವ ಮಾದರಿಯ ಸ್ಪೀಕರನ್ನು ಪ್ರಕಟಪಡಿಸಿದರು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯೆಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ ಕಾಲದ ವಾಲ್ವು ರೇಡಿಯೋಗಳು ಮೂರು ನಾಲ್ಕು ವಾಟುಗಳಿಗಿಂತ ಹೆಚ್ಚು ಶಕ್ತಿಯನ್ನು ಸಾಮಾನ್ಯತಃ ಕೊಡಲಾರದವು. ಆದಾಗ್ಯೂ ಒಂದು ರೇಡಿಯೋ ಮಾತನಾಡಿದರೆ ಕೇರಿಯವರೆಲ್ಲ ನಿಂತು ಕೇಳಬಹುದಾಗಿತ್ತು, ಏಕೆಂದರೆ ಹಿಂಬದಿ ತೆರೆದ ವಿಶಾಲವಾದ ಮರದ ಪೆಟ್ಟಿಗೆಯಲ್ಲಿ ಹಗುರವಾದ ಅಗಲ ಶಂಕುವಿದ್ದು, ಅಲ್ಪಶಕ್ತಿಗೆ ಬಹಳವಾಗಿ ಸ್ಪಂದಿಸುತ್ತಿತ್ತು. 1946ರಲ್ಲಿ ಪಾಲ್ ಕ್ಲಿಪ್ಷ್ ಎಂಬಾತನು ಗೃಹಬಳಕೆಗಾಗಿ ಹೊರತಂದ ಕ್ಲಿಪ್ಷ್‌ಹಾರ್ನ್ ನೂರಕ್ಕೂ ಮೀರಿದ ಡೆಸಿಬೆಲ್ಲಿನ ಸಂವೇದಿತ್ವವುಳ್ಳದ್ದು. ಆದರೆ ಅದು ಕೋಣೆಯ ಮೂಲೆಯನ್ನೇ ಆಕ್ರಮಿಸಿಕೊಳ್ಳುವ ಬೀರುವಿನಂತಹ ಗಾತ್ರದ್ದು. 1954ರಲ್ಲಿ ಎಡ್ಗರ್ ವಿಲ್ಚರ್ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿದನು. ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗಿನ ವಾಯುವನ್ನೇ ಸ್ಪ್ರಿಂಗಿನಂತೆ ಬಳಸಿ, ಭಾರವಾದ ಶಂಕುವನ್ನು ಸಡಿಲವಾಗಿ ತೂಗುಹಾಕಿ, ಅಷ್ಟು ಚಿಕ್ಕ ಪೆಟ್ಟಿಗೆಯಿಂದ ಅದುವರೆಗೆ ಯಾರೂ ಕೇಳಿರದಿದ್ದ ಗಂಭೀರವಾದ ಮಂದ್ರನಾದವನ್ನು ಅವನು ಹೊರಡಿಸಿದನು. ಅದಕ್ಕೆ ತೆರಬೇಕಾದ ಬೆಲೆ ಸಂವೇದಿತ್ವ.

ಈ ಬೆಲೆಯನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲವೆಂಬುದನ್ನು ಹಾಫ್‌ಮನ್ ಎಂಬ ಎಂಜಿನಿಯರನ ಹೆಸರಿನಲ್ಲಿ ಪ್ರಸಿದ್ಧವಾದ ಕಬ್ಬಿಣದ ನಿಯಮವು ಸ್ಪಷ್ಟಪಡಿಸುತ್ತದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸಂವೇದಿತ್ವ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು. ಹಳ್ಳಿಯ ಹಾರ್ನು ಬಿಟ್ಟುಕೊಟ್ಟದ್ದು ಮಂದ್ರವನ್ನು. ಅದರಲ್ಲಿ ಮೃದಂಗದ ಎಡಗೈಯ ಗುಂಕಾರವನ್ನು ಅರಸುವುದು ವ್ಯರ್ಥ. ಕ್ಲಿಪ್ಷ್‌ಹಾರ್ನ್ ಬಿಟ್ಟುಕೊಟ್ಟದ್ದು ಗಾತ್ರದ ಮಿತಿಯನ್ನು. ಕಪಾಟಿನ ಮೇಲಿನ ಪೆಟ್ಟಿಗೆ ಬಿಟ್ಟುಕೊಟ್ಟದ್ದು ಸಂವೇದಿತ್ವವನ್ನು. ಟ್ರಾನ್ಸಿಸ್ಟರು ಬಂದು ವಾಟುಗಳು ಸುಲಭವಾದ ಮೇಲೆ ತಯಾರಕರು ಈ ಕೊನೆಯ ತ್ಯಾಗವನ್ನೇ ಹಿತವೆಂದು ಬಗೆದರು. ಆದಕಾರಣ ಸಂವೇದಿತ್ವವು ಕಡಿಮೆಯಾಗಿರುವುದನ್ನು ದೋಷವೆಂದು ಯಾರೂ ತಿಳಿಯಬಾರದು. 1970ರ ದಶಕದಲ್ಲಿ ಬಿಬಿಸಿಯವರು ತಮ್ಮ ಪ್ರಸಾರವನ್ನು ಪರೀಕ್ಷಿಸಲು ರೂಪಿಸಿದ ಎಲ್ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆ 83 ಡೆಸಿಬೆಲ್ಲನ್ನೂ ಮೀರದು, ಆದರೂ ಮನುಷ್ಯಕಂಠದ ಸಹಜತೆಗೆ ಅದನ್ನು ಇಂದಿಗೂ ನಿದರ್ಶನವಾಗಿ ಹೇಳುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ನಡುಮನೆಯಲ್ಲಿ ಸ್ಪೀಕರುಗಳಿಂದ ಕುರ್ಚಿಗೆ ಮೂರು ಮೀಟರು, ಎಂದರೆ ಹತ್ತಡಿ, ದೂರವಿದೆಯೆಂದು ಭಾವಿಸಿ. ಬಯಲಿನಲ್ಲಾದರೆ ದೂರವು ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಮೂರು ಮೀಟರಿಗೆ ಒಂಬತ್ತೂವರೆ ಡೆಸಿಬೆಲ್ ನಷ್ಟ. ಆದರೆ ಸ್ಪೀಕರುಗಳು ಎರಡಿರುವುದರಿಂದ ಮೂರು ಡೆಸಿಬೆಲ್ಲೂ, ಗೋಡೆ ತಾರಸಿಗಳು ಹಿಂದಿರುಗಿಸುವ ಧ್ವನಿಯಿಂದ ಇನ್ನೊಂದೆರಡು ಮೂರೂ ಮರಳಿ ಬರುತ್ತವೆ. ಹೀಗೆ 84 ಡೆಸಿಬೆಲ್ಲಿನ ಜೊತೆಯು, ತಲಾ ಒಂದು ವಾಟಿಗೆ, ಕುರ್ಚಿಯ ಬಳಿ ಸುಮಾರು 80 ಡೆಸಿಬೆಲ್ ಕೊಡುತ್ತದೆ. 80 ಡೆಸಿಬೆಲ್ ಎಂದರೆ ಮನೆಯಲ್ಲಿ ಮಾತುಕತೆಗೆ ಎಡೆಗೊಡದಷ್ಟು ಗಟ್ಟಿಯಾದ ಸಂಗೀತ. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ ನಲವತ್ತು ಗಂಟೆಗಳಿಗೆ ಮೀರದಂತೆ ಕೇಳಬಹುದೆಂದು ಹೇಳುವ ಮಟ್ಟವೂ ಅದೇ. ಹಾಗಾದರೆ ಒಂದೇ ವಾಟು ಸಾಕಾಯಿತಲ್ಲವೆ ಎಂದು ವಾಚಕರು ಕೇಳಬಹುದು. ಸರಾಸರಿಗೆ ಸಾಕು, ಸಂಗೀತವು ಸರಾಸರಿಯಲ್ಲಿ ನಡೆಯುವುದಿಲ್ಲವೆಂಬುದೇ ತೊಡಕು.

ವೀಣೆಯ ಮೀಟು, ಮೃದಂಗದ ಚಾಪು, ನಮ್ಮ ಸೀಮೆಯ ಉರುಮೆಯ ಮೇಲೆ ಬೀಳುವ ಕೋಲಿನ ಪೆಟ್ಟು, ಇವೆಲ್ಲವೂ ಕ್ಷಣಮಾತ್ರದ ಶಿಖರಗಳು. ಚೆನ್ನಾಗಿ ಮುದ್ರಿತವಾದ ಸಂಗೀತದಲ್ಲಿ ಇವು ಸರಾಸರಿಯ ಮಟ್ಟಕ್ಕಿಂತ ಹದಿನೈದು ಇಪ್ಪತ್ತು ಡೆಸಿಬೆಲ್‌ಗಳಷ್ಟು ಮೇಲೆ ಏಳುತ್ತವೆ. ಸರಾಸರಿ 80 ಡೆಸಿಬೆಲ್ಲಿನಲ್ಲಿ ಕೇಳುವವನಿಗೆ ಶಿಖರಕ್ಕೆ 100 ಬೇಕು. ಇಪ್ಪತ್ತು ಡೆಸಿಬೆಲ್ ಎಂದರೆ ನೂರು ಪಟ್ಟು. ಒಂದು ವಾಟಿನಲ್ಲಿ ಸುಖವಾಗಿ ನಡೆಯುತ್ತಿದ್ದ ಯಂತ್ರವು ಆ ಒಂದು ಕ್ಷಣಕ್ಕೆ ನೂರು ವಾಟುಗಳನ್ನು ತೆತ್ತು ಮತ್ತೆ ಒಂದಕ್ಕೆ ಮರಳಬೇಕು. ಸರಾಸರಿ 75ಕ್ಕೆ ತೃಪ್ತನಾದವನಿಗೆ ಅದೇ ಶಿಖರವು ಮೂವತ್ತೆರಡು ವಾಟುಗಳಲ್ಲಿ ಮುಗಿಯುತ್ತದೆ. ಸ್ಪೀಕರು 90 ಡೆಸಿಬೆಲ್ಲಿನದಾದರೆ ನೂರರ ಕೆಲಸವನ್ನು ಇಪ್ಪತ್ತೈದು ಮಾಡುತ್ತದೆ. ಮೂವತ್ತು ಸಾಕೆಂದ ವರ್ತಕನೂ ಇನ್ನೂರು ಬೇಕೆಂದ ವರ್ತಕನೂ ಎಲ್ಲಿ ಬೇರೆಯಾದರೆಂಬುದು ಈಗ ತಿಳಿಯಿತು: ಒಬ್ಬನು ಮೆಲುದನಿಯ ವೀಣಾವಾದನವನ್ನೂ ಇನ್ನೊಬ್ಬನು ಹಬ್ಬದ ಉರುಮೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಹೇಳಿದ್ದಾರೆ.

ಶಿಖರಕ್ಕೆ ಶಕ್ತಿ ಸಾಲದೆ ಹೋದಾಗ ಆಂಪ್ಲಿಫೈಯರು ಸುಮ್ಮನೆ ಮೆಲ್ಲಗೆ ನುಡಿಯುವುದಿಲ್ಲ. ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡಿಬಿಡುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುವರು. ಹೀಗೆ ಕತ್ತರಿಸಲ್ಪಟ್ಟ ಅಲೆಯಲ್ಲಿ ಮೂಲದಲ್ಲಿಲ್ಲದ ತಾರಸ್ವರಗಳು ಹುಟ್ಟಿಕೊಂಡು, ಟ್ವೀಟರೆಂಬ ಸೂಕ್ಷ್ಮವಾದ ಚಿಕ್ಕ ಸ್ಪೀಕರಿಗೆ ನುಗ್ಗಿ, ಅದರ ಕೂದಲೆಳೆಯಂತಹ ತಂತಿಯನ್ನು ಕಾಯಿಸುತ್ತವೆ. ಕಡಿಮೆ ವಾಟಿನ ಯಂತ್ರವು ಸುರಕ್ಷಿತವೆಂದು ನಂಬಿ, ಅದರ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಕೇಳುವವನು ಟ್ವೀಟರನ್ನು ಸುಟ್ಟುಕೊಳ್ಳುವ ಸಂಭವವು, ದೊಡ್ಡ ಯಂತ್ರವನ್ನು ಮಿತವಾಗಿ ನುಡಿಸುವವನಿಗಿಂತ ಹೆಚ್ಚು. ಹಾಗೆಂದು ಮಿತಿಯಿಲ್ಲದೆ ಶಕ್ತಿಯನ್ನು ಪೇರಿಸುವುದೂ ವಿವೇಕವಲ್ಲ. ಸ್ವರವು ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ, ಅದೇ ಮಟ್ಟದ ಶಬ್ದಕ್ಕಾಗಿ ಶಂಕುವು ನಾಲ್ಕು ಪಟ್ಟು ದೂರ ಓಲಾಡಬೇಕಾಗುತ್ತದೆ. ಪುಟ್ಟ ಶಂಕುವಿನ ಓಲಾಟಕ್ಕೆ ಮಿತಿಯುಂಟು. ಅಲ್ಲದೆ ಸುರುಳಿಯು ಬಿಸಿಯಾದಂತೆಲ್ಲ ತಾಮ್ರದ ರೋಧವು, ನೂರು ಡಿಗ್ರಿ ಶಾಖ ಹೆಚ್ಚಿದರೆ ನೂರಕ್ಕೆ ನಲವತ್ತರಷ್ಟು ಏರಿ, ಕೊಟ್ಟ ವಾಟುಗಳೇ ಒಳಕ್ಕೆ ಹೋಗದಂತಾಗುತ್ತದೆ.

ಸಂವೇದಿತ್ವದ ಅಂಕಿಯನ್ನು ಓದುವುದರಲ್ಲಿಯೂ ಒಂದು ಎಚ್ಚರಿಕೆ ಬೇಕು. ತಯಾರಕರು ಬಹುವಾಗಿ ಒಂದು ವಾಟೆನ್ನದೆ 2.83 ವೋಲ್ಟ್ ಎಂದು ಬರೆಯುತ್ತಾರೆ. ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆಯೇ ಓಮು; 8 ಓಮಿನ ಸ್ಪೀಕರಿನಲ್ಲಿ ಆ ವೋಲ್ಟೇಜು ಒಂದು ವಾಟೇ ಸರಿ. 4 ಓಮಿನದರಲ್ಲಾದರೆ ಅದು ಎರಡು ವಾಟು. 87 ಡೆಸಿಬೆಲ್ ಎಂದು ಮುದ್ರಿಸಿದ 4 ಓಮಿನ ಪೆಟ್ಟಿಗೆಯು ವಾಟಿನ ಲೆಕ್ಕದಲ್ಲಿ 84ರದ್ದೇ. ಇನ್ನೊಂದು ಸಂಗತಿ: ಓಮಿನ ಅಂಕಿಯು ಸ್ಥಿರವಲ್ಲ, ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ, 8 ಎಂದು ಬರೆದದ್ದು ಮಂದ್ರದಲ್ಲೆಲ್ಲಿಯೋ 4ರ ಹತ್ತಿರಕ್ಕೆ ಇಳಿಯುವುದುಂಟು, ಆಗ ಆಂಪ್ಲಿಫೈಯರು ವೋಲ್ಟೇಜನ್ನು ಬಿಟ್ಟುಕೊಡದೆ ಇಮ್ಮಡಿ ವಿದ್ಯುತ್ಪ್ರವಾಹವನ್ನು ಒದಗಿಸಬೇಕು. 8 ಓಮಿಗೆ 100 ವಾಟ್, 4 ಓಮಿಗೆ 180 ಅಥವಾ ಅದಕ್ಕೂ ಮೇಲೆ ಎಂದು ಧೈರ್ಯವಾಗಿ ಮುದ್ರಿಸಿರುವ ಯಂತ್ರವು ಇದನ್ನು ಮಾಡಬಲ್ಲದು; 4 ಓಮಿನ ಮಾತನ್ನೇ ಎತ್ತದಿರುವ ಯಂತ್ರದ ವಿಷಯದಲ್ಲಿ ಸಂಶಯಪಡಬೇಕು. ಬಿಬಿಸಿಯ ಆ ಹಳೆಯ ಪೆಟ್ಟಿಗೆಯು ಮೊದಲು 15 ಓಮಿನದಾಗಿದ್ದುದರಿಂದ, ಸಂವೇದಿತ್ವವು ಅಲ್ಪವಾಗಿದ್ದರೂ, ಸಾಧಾರಣವಾದ ವಾಲ್ವು ಯಂತ್ರಕ್ಕೂ ಹೊರೆಯಾಗುತ್ತಿರಲಿಲ್ಲ. ಅಲ್ಪ ಸಂವೇದಿತ್ವವೂ ಕಠಿನವಾದ ಹೊರೆಯೂ ಒಂದೇ ಅಲ್ಲ. ಎರಡೂ ಒಟ್ಟಿಗೆ ಸೇರಿದಾಗ ಮಾತ್ರ ಪ್ರಬಲವಾದ ಯಂತ್ರವು ಅನಿವಾರ್ಯ.

ಪೆಟ್ಟಿಗೆಯ ಮೇಲೆ ಅಚ್ಚಾದ ವಾಟುಗಳೆಲ್ಲ ವಾಟುಗಳಲ್ಲವೆಂಬುದನ್ನು ನಮ್ಮ ಪೇಟೆಯು ಎಂದೋ ಕಲಿಸಿದೆ. ಟೇಪ್‌ರೆಕಾರ್ಡರುಗಳ ಕಾಲದಲ್ಲಿ ಪಿಎಂಪಿಓ ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ವಾಟುಗಳನ್ನು ಸಾರುತ್ತಿದ್ದ ಯಂತ್ರಗಳು ವಸ್ತುತಃ ಹತ್ತಿಪ್ಪತ್ತು ವಾಟುಗಳನ್ನು ಕೊಡುವುದೂ ಕಷ್ಟವಾಗಿತ್ತು. ಗ್ರಾಹಕನು ಕೇಳಬೇಕಾದದ್ದು, ಯಂತ್ರವು ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನು. ಅದರಲ್ಲಿಯೂ ಎರಡು ಚಾನೆಲುಗಳೂ ಒಟ್ಟಿಗೆ ನುಡಿಯುವಾಗ, 20ರಿಂದ 20,000 ಹರ್ಟ್ಸ್‌ವರೆಗೆ, ನೂರಕ್ಕೆ ಒಂದಕ್ಕೂ ಕಡಿಮೆ ವಿಕೃತಿಯೊಡನೆ ಎಷ್ಟು ವಾಟ್ ಎಂಬುದನ್ನು. ಒಂದೇ ಚಾನೆಲು, ಒಂದೇ ಸ್ವರ, ನೂರಕ್ಕೆ ಹತ್ತು ವಿಕೃತಿ ಎಂಬ ನಿಬಂಧನೆಗಳಿಂದ ಉಬ್ಬಿಸಿದ ಅಂಕಿಯನ್ನು ಹೋಂ ಥಿಯೇಟರಿನ ಯಂತ್ರಗಳ ಮೇಲೆ ಇಂದೂ ಕಾಣಬಹುದು.

ಇಷ್ಟಾದ ಮೇಲೂ ಪಾವಗಡದಂತಹ ಊರಿನಲ್ಲಿ ಉಳಿಯುವ ಪ್ರಶ್ನೆಗಳು ಕೆಲವು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಮಾರ್ಗದ ವೋಲ್ಟೇಜು ಕುಸಿಯುವುದು ರೈತನಿಗೆ ತಿಳಿಯದ ವಿಷಯವಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರಿರುವ ಸಾಂಪ್ರದಾಯಿಕ ಆಂಪ್ಲಿಫೈಯರಿನ ಗರಿಷ್ಠ ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ: 230 ವೋಲ್ಟಿಗೆ ನೂರು ವಾಟ್ ಕೊಡುವ ಯಂತ್ರವು 180 ವೋಲ್ಟಿಗೆ ಸುಮಾರು ಅರುವತ್ತೊಂದನ್ನು ಮಾತ್ರ ಕೊಟ್ಟೀತು. ಕಿವಿಗೆ ಇದು ಎರಡು ಡೆಸಿಬೆಲ್ಲಿನ ನಷ್ಟವಷ್ಟೇ. ಆದರೆ ಮೊದಲೇ ಅಂಚಿನಲ್ಲಿರುವ ಯಂತ್ರದಲ್ಲಿ ಕ್ಲಿಪ್ಪಿಂಗಿಗೆ ಅದೇ ಸಾಕು. ಸಾಕಷ್ಟು ಸಾಮರ್ಥ್ಯದ ಸ್ಟೆಬಿಲೈಸರು ಇಲ್ಲಿ ಸಹಾಯಕ್ಕೆ ಬರುತ್ತದೆ. ಬಿಸಿಲಿನ ಸೀಮೆಯಲ್ಲಿ ಶಾಖವೂ ವಿಚಾರಾರ್ಹವಾದುದು: ಹಳೆಯ ಎಬಿ ಕ್ಲಾಸಿನ ಯಂತ್ರಗಳು ಎಳೆದುಕೊಂಡ ವಿದ್ಯುತ್ತಿನಲ್ಲಿ ಅರ್ಧದಷ್ಟನ್ನು ಬಿಸಿಯಾಗಿ ಹೊರಹಾಕುವುದರಿಂದ, ಅವನ್ನು ಗಾಜಿನ ಬಾಗಿಲಿನ ಶೋಕೇಸಿನೊಳಗೆ ಬಂಧಿಸಿಡುವುದು ತರವಲ್ಲ, ಡಿ ಕ್ಲಾಸಿನವು ಪೂರ್ಣಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸ್ಪೀಕರಿಗೆ ಮುಟ್ಟಿಸಬಲ್ಲವಾಗಿ ಇಲ್ಲಿಗೆ ಹೆಚ್ಚು ಒಪ್ಪುತ್ತವೆ. ವೈರಿನ ಮಾತು ಅಲ್ಪವೆಂದು ತೋರಿದರೂ ಲೆಕ್ಕವು ಬೇರೆ ಹೇಳುತ್ತದೆ: ಹತ್ತು ಮೀಟರು ದೂರಕ್ಕೆ ಎಳೆದ 1 ಚದರ ಮಿಲಿಮೀಟರಿನ ತಂತಿಯು ಹೋಗಿಬರುವ ದಾರಿಯಲ್ಲಿ ಮೂರನೆಯ ಒಂದು ಓಮಿನಷ್ಟು ರೋಧವನ್ನು ಒಡ್ಡಿ, 4 ಓಮಿನ ಸ್ಪೀಕರಿನಲ್ಲಿ ಮುಕ್ಕಾಲು ಡೆಸಿಬೆಲ್ಲಿನಷ್ಟನ್ನು ನುಂಗುತ್ತದೆ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ದೊರೆಯುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯು ಸಾಕು; ಬಂಗಾರದ ಬೆಲೆಯ ಕೇಬಲುಗಳು ಇದಕ್ಕಿಂತ ಹೆಚ್ಚಿನ ವಾಟುಗಳನ್ನೇನೂ ತಂದುಕೊಡಲಾರವು.

ಹೀಗೆ ಲೆಕ್ಕವನ್ನೆಲ್ಲ ಕೂಡಿಸಿ ನೋಡಲಾಗಿ, 84 ಡೆಸಿಬೆಲ್ಲಿನ ಸ್ಪೀಕರುಗಳನ್ನು ಹತ್ತಡಿ ದೂರದಿಂದ ಕೇಳುವವನಿಗೆ 8 ಓಮಿಗೆ 100 ವಾಟುಗಳನ್ನು ಪ್ರಾಮಾಣಿಕವಾಗಿ ಕೊಡುವ, 4 ಓಮಿಗೆ ಹೆದರದ ಯಂತ್ರವು ಯೋಗ್ಯವಾದುದು. ಮೆಲುದನಿಯಲ್ಲಿ ಕೇಳುವವನಿಗೆ ನಲವತ್ತು ಐವತ್ತು ವಾಟುಗಳೂ ಸಾಲುತ್ತವೆ. ಅಷ್ಟಕ್ಕೆ ಹಣವಿಲ್ಲದವನು ನಿರಾಶನಾಗಬೇಕಾದುದೂ ಇಲ್ಲ. ಕುರ್ಚಿಯನ್ನು ಮೂರು ಮೀಟರಿನಿಂದ ಒಂದೂವರೆ ಮೀಟರಿಗೆ ಎಳೆದುಕೊಂಡರೆ, ಕೋಣೆಯ ಪ್ರತಿಧ್ವನಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನಾಲ್ಕು ಡೆಸಿಬೆಲ್ಲಿನಷ್ಟು ಲಾಭವುಂಟು; ನಲವತ್ತು ವಾಟಿನ ಯಂತ್ರವು ನೂರು ವಾಟಿನ ಕೆಲಸವನ್ನು ಮಾಡುತ್ತದೆ. ಮೊದಲು ಕುರ್ಚಿಯ ದೂರ, ಆಮೇಲೆ ಕೇಳುವ ಮಟ್ಟ, ಆಮೇಲೆ ಸ್ಪೀಕರಿನ ಸಂವೇದಿತ್ವ ಮತ್ತು ಓಮು, ಕಟ್ಟಕಡೆಗೆ ವಾಟು: ಈ ಕ್ರಮದಲ್ಲಿ ಕಿವಿಯಿಂದ ಆರಂಭಿಸಿ ಹಿಂದಕ್ಕೆ ಎಣಿಸಿಕೊಂಡು ಹೋದ ಗೃಹಸ್ಥನಿಗೆ ಯಾವ ವರ್ತಕನ ಸಲಹೆಯೂ ಅಗತ್ಯವಾಗುವುದಿಲ್ಲ, ವಾಟಿನಿಂದ ಆರಂಭಿಸಿದವನಿಗೆ ಯಾರ ಸಲಹೆಯೂ ಸಾಲುವುದಿಲ್ಲ.